ಡಾಕ್ಟರು ಕೈಬಿಡದ ರೋಗಿ

ಬೆಳಗ್ಗೆ ದವಾಖಾನೆಗೆ ಬಂದ ಕಾಂಪೌಂಡರಿಗೆ ಮೊದಲು ಕಂಡದ್ದು ಬೆಳಕು. ಎಕ್ಸ್‌ರೇ ನೋಡುವ ಗೋಡೆಯ ಪೆಟ್ಟಿಗೆಯಲ್ಲಿ ದೀಪ ಉರಿಯುತ್ತಿತ್ತು; ಎಕ್ಸ್‌ರೇ ಇರಲಿಲ್ಲ. ಆಮೇಲೆ ಕಂಡದ್ದು ಮೇಜಿನ ಕಾಲ ಬಳಿ ಬಿದ್ದಿದ್ದ ಡಾಕ್ಟರು. ಮೇಜಿನ ಅಂಚು ಬಡಿದು ಹಣೆ ಒಡೆದಿತ್ತು, ಮೈ ತಣ್ಣಗಾಗಿತ್ತು. ಜೀವಮಾನವೆಲ್ಲ ಅವರ ಪಕ್ಕದಲ್ಲಿ ನಿಂತು ಔಷಧಿ ಕಟ್ಟಿದ್ದ ಮುದುಕರು "ದೇವರೇ" ಎಂದು ಅಲ್ಲೇ ಕುಸಿದರು.

ಇನ್ಸ್‌ಪೆಕ್ಟರು ಬಂದು ನೋಡಿ, "ವಯಸ್ಸಾಗಿತ್ತು, ಕಾಲು ಜಾರಿದೆ" ಎಂದರು.

ಹೊರಗೆ ನೆರೆದವರಲ್ಲೊಬ್ಬ ದನಿ ಸೇರಿಸಿದ. "ಅವರ ಕೈಲಿ ಏನೂ ಆಗ್ತಿರ್ಲಿಲ್ಲ ಬಿಡಿ. ಈಚೆಗೆ ಬಂದೋರ್ನೆಲ್ಲ ಪೇಟೆ ಆಸ್ಪತ್ರೆಯ ದೊಡ್ಡ ಡಾಕ್ಟರ ಹತ್ರ ಸಾಗಹಾಕ್ತಿದ್ರು."

ಆ ಮಾತು ಕಾಂಪೌಂಡರ ಎದೆಗೆ ನಾಟಿತು. ಅವರು ನೇರ ಮಹಡಿ ಹತ್ತಿದರು. ಅಲ್ಲಿ ವಾಸವಾಗಿದ್ದ ಲಾಯರಮ್ಮ ಕೋರ್ಟು ಬಿಟ್ಟರೂ ಅಡ್ಡಪ್ರಶ್ನೆ ಬಿಟ್ಟವರಲ್ಲ. ಬೀದಿಯಲ್ಲಿ ಏನು ಕಳೆದರೂ ಜನ ತಟ್ಟುತ್ತಿದ್ದುದು ಅವರ ಬಾಗಿಲನ್ನೇ. ಅಂಥ ಪತ್ತೆಗಳಲ್ಲೆಲ್ಲ ಕಾಂಪೌಂಡರು ಅವರ ಬಲಗೈ.

"ಅಮ್ಮಾ, ಅವರು ಜಾರಿ ಬೀಳೋ ಆಸಾಮಿ ಅಲ್ಲ."

"ಅಳೋದು ಆಮೇಲೆ ಇಬ್ರೂ ಅಳೋಣ, ಕಾಂಪೌಂಡರೇ. ನಿನ್ನೆ ನೀವು ಹೊರಟಾಗ ಆ ದೀಪ ಉರೀತಿತ್ತಾ?"

"ಇಲ್ಲಮ್ಮ, ನಾನೇ ಆರಿಸಿದ್ದೆ. ನಾನು ಹೋದ್ಮೇಲೆ ಯಾರಾದ್ರೂ ಬಂದ್ರೆ ಅವರೇ ನೋಡಿ, ಅವರೇ ಮಾತ್ರೆ ಕಟ್ಟಿಕೊಡ್ತಿದ್ರು. ಮೂರು ಮೂಲೆ ಪೊಟ್ಟಣ! ಡಾಕ್ಟರಾಗಿ ಒಂದು ಪೊಟ್ಟಣ ಮಡಿಸೋಕೆ ಬರಲ್ವಲ್ಲ ಅಂತ ನಾನು ಕಾಲೆಳೀತಿದ್ದೆ."

"ದೀಪ ಇದೆ, ಎಕ್ಸ್‌ರೇ ಇಲ್ಲ. ನೋಡಿದವರು ಹೊತ್ತೊಯ್ದಿದಾರೆ. ಕಪಾಟು ನೋಡಿ ಬನ್ನಿ."

ಕಪಾಟಿನಲ್ಲಿ ಇಬ್ಬರ ಎಕ್ಸ್‌ರೇ ಇರಲಿಲ್ಲ: ನಿವೃತ್ತ ಮೇಷ್ಟ್ರದು, ಶಾಲಾ ಬಸ್ಸಿನ ಡ್ರೈವರನದು.

ಸಂಜೆ ಲಾಯರಮ್ಮ ಆ ಇಬ್ಬರನ್ನೂ ದೊಡ್ಡ ಡಾಕ್ಟರನ್ನೂ ದವಾಖಾನೆಗೆ ಕರೆಸಿದರು. ಇನ್ಸ್‌ಪೆಕ್ಟರು ಮನಸ್ಸಿಲ್ಲದೆ ಬಂದು ಕೂತರು.

"ನನ್ನನ್ನ ದೊಡ್ಡ ಡಾಕ್ಟರಿಗೆ ಒಪ್ಪಿಸಿದ್ರಮ್ಮ. ಇಲ್ಲಿಗೆ ಬಂದು ತಿಂಗಳಾಯ್ತು" ಎಂದರು ಮೇಷ್ಟ್ರು.

"ನನ್ನದೂ ಅದೇ ಕತೆ" ಎಂದ ಡ್ರೈವರ್. "ಅವರ ಹತ್ರ ಕರ್ಕೊಂಡು ಹೋಗಿ ಕೈ ತೊಳ್ಕೊಂಡ್ರು. ಆಮೇಲೆ ನಾನು ಈ ಕಡೆ ತಲೆ ಹಾಕಿಲ್ಲ."

"ಈಗ ತಗೊಳ್ಳೋ ಮಾತ್ರೆ ತೋರಿಸ್ತೀರಾ?"

ಮೇಷ್ಟ್ರು ಅಂಗಡಿಯ ಮಾತ್ರೆ ಹಾಳೆ ತೆಗೆದರು. ಡ್ರೈವರ್ ಜೇಬಿಗೆ ಕೈ ಹಾಕಿ ಕಾಗದದ ಪೊಟ್ಟಣ ತೆಗೆದ. ಅದಕ್ಕೆ ಮೂರು ಮೂಲೆಗಳಿದ್ದವು. ಕಾಂಪೌಂಡರು ಅದರತ್ತ ಬೆರಳು ತೋರಿಸಿದರು.

"ಈಗ ನೀವು ಹೇಳಿ ಡಾಕ್ಟರೇ. ಇಬ್ಬರನ್ನೂ ನಿಮ್ಮ ಹತ್ರ ಸಾಗಹಾಕಿದ್ರಾ?" ಎಂದು ಲಾಯರಮ್ಮ ಕೇಳಿದರು.

"ಯಾರಂದ್ರು?" ಎಂದರು ದೊಡ್ಡ ಡಾಕ್ಟರು. "ಮೇಷ್ಟ್ರಿಗೆ ಬೇಕಾದ ಚಿಕಿತ್ಸೆ ಇಲ್ಲಿಲ್ಲ. ಅದಕ್ಕೇ ನನಗೆ ಒಪ್ಪಿಸಿದ್ರು. ಅವರ ಔಷಧಿ, ಹೊಣೆ ಎಲ್ಲ ನನ್ನದು. ಎಕ್ಸ್‌ರೇನೂ ನನ್ನ ಹತ್ರಾನೇ ಇದೆ. ಡ್ರೈವರ್ ವಿಷಯದಲ್ಲಿ ಕೇಳಿದ್ದು ಬರೀ ಅಭಿಪ್ರಾಯ. ತಾವೇ ಜೊತೆಗೆ ಬಂದ್ರು, ನಾನು ಹೇಳಿದ್ದು ತಾವೊಬ್ಬರೇ ಕೇಳ್ಕೊಂಡು ಎಕ್ಸ್‌ರೇ ವಾಪಸ್ ತಗೊಂಡು ಹೋದ್ರು. ಚಿಕಿತ್ಸೆ ಅವರದೇ, ರೋಗಿ ಅವರವನೇ."

ಲಾಯರಮ್ಮ ಡ್ರೈವರನ ಕಡೆ ತಿರುಗಿದರು. "ಒಪ್ಪಿಸಿಕೊಟ್ಟ ರೋಗಿ ಇಲ್ಲಿಗೆ ಬರಬೇಕಿಲ್ಲ. ಯಾರ ವಿಷಯದಲ್ಲಿ ಬರೀ ಅಭಿಪ್ರಾಯ ಕೇಳಿದ್ರೋ ಆ ರೋಗಿ ಅದನ್ನ ತಿಳ್ಕೊಳ್ಳೋಕೆ ಬರಲೇಬೇಕು. ನೀವು ಬಂದ್ರಿ, ಕಾಂಪೌಂಡರು ಹೋದ್ಮೇಲೆ. ಪೊಟ್ಟಣ ಅದನ್ನ ಹೇಳ್ತಿದೆ. ಇಲ್ಲಿರಬೇಕಾಗಿದ್ದ ನಿಮ್ಮ ಎಕ್ಸ್‌ರೇ ಇಲ್ಲ. ಅದು ನಿಮಗಲ್ಲದೆ ಇನ್ಯಾರಿಗೆ ಬೇಕು?"

ಡ್ರೈವರ್ ಮುಖ ಮುಚ್ಚಿಕೊಂಡ. "ಹೃದಯ ದೊಡ್ಡದಾಗಿದೆ, ಮಕ್ಕಳನ್ನ ಕೂರಿಸ್ಕೊಂಡು ಇನ್ನು ಬಸ್ ಓಡಿಸ್ಬೇಡ ಅಂದ್ರು. ಬೇರೆ ಏನು ಕೆಲಸ ಬರುತ್ತೆ ನಂಗೆ? ಎಕ್ಸ್‌ರೇ ಕಿತ್ಕೊಂಡೆ. ಏನೋ ಹೇಳ್ತಾ ಅಡ್ಡ ಬಂದ್ರು. ತಳ್ಳಿದೆ... ಸಾಯ್ತಾರೆ ಅಂತ ಅಂದ್ಕೊಂಡಿರ್ಲಿಲ್ಲ."

ದೊಡ್ಡ ಡಾಕ್ಟರು ಮೆಲ್ಲಗೆ ಹೇಳಿದರು: "ಬಸ್ ಶೆಡ್ಡಲ್ಲಿ ಕೂತು ಮಾಡೋ ಕೆಲಸ ನಿನಗೆ ಕೊಡೋಕೆ ಶಾಲೆಯವರನ್ನ ಅವರು ಆಗಲೇ ಒಪ್ಪಿಸಿದ್ರಪ್ಪ. ಅದನ್ನ ನಿನ್ನ ಹೃದಯ ತಡೆಯುತ್ತಾ ಅಂತಾನೇ ನನ್ನನ್ನ ಕೇಳಿದ್ದು. ತಡೆಯುತ್ತೆ ಅಂದಿದ್ದೆ. ಅದನ್ನೇ ಹೇಳೋಕೆ ಹೊರಟಿರ್ಬೇಕು."

ಡ್ರೈವರನ ಅಳು ಬೀದಿಯವರೆಗೂ ಕೇಳಿಸಿತು.

ಕಾಂಪೌಂಡರು ಹೊಸ್ತಿಲಿಗೆ ಬಂದು ಎದೆ ಸೆಟೆಸಿ ನಿಂತರು. ಬೆಳಗಿನ ಮಾತುಗಾರ ಅಲ್ಲೇ ಇದ್ದ. "ಕೇಳಿಸ್ತೇನಪ್ಪ? ನಮ್ಮ ಡಾಕ್ಟರು ಯಾರನ್ನೂ ಸಾಗಹಾಕಲಿಲ್ಲ. ಯಾರನ್ನ ಒಪ್ಪಿಸ್ಬೇಕು, ಯಾರನ್ನ ಇಟ್ಕೋಬೇಕು ಅಂತ ಬಲ್ಲವರು ಅವರು."

ಅವನು ತಲೆ ತಗ್ಗಿಸಿದ.

ಎಲ್ಲರೂ ಹೋದ ಮೇಲೆ ಕಾಂಪೌಂಡರು ಗೋಡೆಯ ದೀಪ ಆರಿಸಿ, ಬರಿದಾದ ಕುರ್ಚಿಯ ಮುಂದೆ ಕೈಮುಗಿದರು.

"ದೇವರೇ, ನಿನ್ನ ಅಭಿಪ್ರಾಯ ಕೇಳೋಕೆ ಬಂದಿಲ್ಲ. ನಮ್ಮ ಡಾಕ್ಟರನ್ನ ಪೂರ್ತಿ ನಿನಗೆ ಒಪ್ಪಿಸ್ತಿದೀನಿ. ಇನ್ನು ಹೊಣೆ ನಿನ್ನದು. ಅವರ ಆತ್ಮಕ್ಕೆ ಶಾಂತಿ ಕೊಡು."