ಹಾಜ್ರಾ ಕಾಯುತ್ತಿದ್ದ ಹಳದಿ ಕ್ಯಾನು

“ಇದಕ್ಕೆ ನೀರು ತುಂಬಬೇಡ, ಮಗಾ,” ಎಂದಳು ಹಾಜ್ರಾ, ತನ್ನ ಒಡಕು ಇಂಗ್ಲಿಷಿನಲ್ಲಿ.

ತೊಂಬತ್ತಾರರ ಬೇಸಿಗೆ. ಅಟ್ಲಾಂಟಾದ ಹೊರಗಿನ ಅಪಾರ್ಟ್‌ಮೆಂಟಿಗೆ ಗುಲಬರ್ಗಾದ ಶಿವಶರಣಪ್ಪ ಆಗಷ್ಟೇ ಸಾಮಾನು ಇಳಿಸಿದ್ದ. ತುಂಬಿದ ಕೊಡ ಹೊತ್ತಲ್ಲದೆ ಹೊಸ ಮನೆಗೆ ಕಾಲಿಡುವುದಿಲ್ಲವೆಂದು ಹೆಂಡತಿ ಮಲ್ಲಮ್ಮ ಹೊರಗೇ ನಿಂತಿದ್ದಳು. ಕೊಡ ಊರಲ್ಲೇ ಉಳಿದಿತ್ತು. ಪಕ್ಕದ ಮನೆಯ ಮುದುಕಿ ಹಾಜ್ರಾಳ ಬಾಗಿಲಲ್ಲಿ ಬೋರಲು ಹಾಕಿದ ಹಳದಿ ಪ್ಲಾಸ್ಟಿಕ್ ಕ್ಯಾನು ಅವನ ಕಣ್ಣಿಗೆ ಬಿತ್ತು; ಎತ್ತಿಕೊಂಡ.

ಹಾಜ್ರಾ ನೆಲ ನೋಡುತ್ತ ಹೇಳಿದಳು. ಬೋಸ್ನಿಯಾದ ಯುದ್ಧದಲ್ಲಿ ಮುತ್ತಿಗೆಗೆ ಸಿಕ್ಕ ಅವಳ ಊರು ಸರಾಯೆವೊ. ಸುತ್ತ ಗುಡ್ಡ, ಗುಡ್ಡದ ಮೇಲೆ ಬಂದೂಕು. ಸೊಸೆ ಆಮ್ರಾ ಇದೇ ಕ್ಯಾನಿನಲ್ಲಿ ನೀರು ತರುವಾಗ ಸೊಂಟಕ್ಕೆ ಗುಂಡು ಬಿತ್ತು. ಎತ್ತಲು ಹೋದವನೂ ಬಿದ್ದ. ಉಳಿದವರು ಗೋಡೆಯ ಮರೆಯಿಂದ ನೋಡಿದರು; ಹಾಜ್ರಾಳೂ ನೋಡಿದಳು. ಮಧ್ಯಾಹ್ನದವರೆಗೆ ಆಮ್ರಾ ನೀರು ಕೇಳಿದಳು. ಕೊನೆಗೆ ಶಪಿಸಿದಳು: ಇದನ್ನು ತುಂಬಿದವರು ಹೀಗೇ ನಿಂತು ನೋಡಲಿ.

“ಎಸೆದರೆ ಯಾರಾದರೂ ತುಂಬಿಯಾರು. ಅದಕ್ಕೇ ಕಾಯ್ದುಕೊಂಡಿದ್ದೇನೆ.”

“ಇಲ್ಲಿ ಗುಡ್ಡವೇ ಇಲ್ಲವಲ್ಲ, ಅಜ್ಜಿ,” ಎಂದು ಅವನು ನಕ್ಕ. ಹೆಂಡತಿಯತ್ತ ತಿರುಗಿ, “ಮುದುಕಿಗೆ ಕ್ಯಾನು ಕೊಡೂ ಮನಸ್ಸಿಲ್ಲ, ಕತಿ ಹೇಳಾಕತ್ಯಾಳ,” ಎಂದ.

ಪಾರ್ಕಿಂಗಿನ ಆಚೆಯ ನಲ್ಲಿಯಲ್ಲಿ ತಾನೇ ತುಂಬಿಸಿ ಮಲ್ಲಮ್ಮನ ಸೊಂಟಕ್ಕೇರಿಸಿದ. ಅವಳು ಸೆರಗು ಹೊದ್ದಳು.

“ಘಾಸ್ಲೇಟ್ ಎಣ್ಣಿ ಡಬ್ಬಿ ಹೊತ್ತಂಗ ಆತು ನೋಡ್ರಿ.”

“ನಡಿ, ನಡಿ. ಬಲಗಾಲು ಮುಂದಿಡು.”

ಅವಳು ಹತ್ತು ಹೆಜ್ಜೆ ಹೋಗಿದ್ದಳು. ಮರಗಳಲ್ಲಿನ ಜೀರುಂಡೆಗಳ ಸದ್ದು ಥಟ್ಟನೆ ನಿಂತಿತು. ಕಾದ ಡಾಂಬರಿನ ವಾಸನೆಯೊಳಗೆ ಸುಟ್ಟ ಮದ್ದಿನ ಘಾಟು ಸೇರಿತು. ಮೇಲೆಲ್ಲೋ, ಗುಡ್ಡವಿಲ್ಲದ ಕಡೆ, ಒಣ ಕಟ್ಟಿಗೆ ಮುರಿದಂಥ ಸದ್ದು.

ಮಲ್ಲಮ್ಮ ಕೂತಳು. ಆಮೇಲೆ ಒರಗಿದಳು. ಕ್ಯಾನು ಉರುಳಿ ನೀರು ಹರಿಯಿತು, ಮೊದಲು ತಿಳಿಯಾಗಿ, ಆಮೇಲೆ ಕೆಂಪಾಗಿ.

ಶಿವಶರಣಪ್ಪ ಓಡಬೇಕೆಂದುಕೊಂಡ. ಕಾಲು ಏಳಲಿಲ್ಲ. ಕೂಗಬೇಕೆಂದುಕೊಂಡ. ನಾಲಿಗೆ ಹೊರಳಲಿಲ್ಲ. ಕಾರುಗಳ ಹಿಂದೆ ಯಾರೋ ಮುದುರಿ ಕೂತಿದ್ದರು. ಹತ್ತು ಜನ. ಇಪ್ಪತ್ತು ಜನ. ಕೈಯಲ್ಲಿ ಬಕೆಟ್ಟು, ಬಾಟಲಿ. ಯಾರೂ ಈ ಊರಿನವರಲ್ಲ. ಎಲ್ಲರೂ ನೋಡುತ್ತಿದ್ದರು. ಗೋಡೆಗಂಟಿದ ಹಾಜ್ರಾ ಬಾಯಿಗೆ ಸೆಟೆದ ಕೈ ಒತ್ತಿಕೊಂಡಿದ್ದಳು. ಅವಳೂ ಕದಲಲಿಲ್ಲ.

“ರೀ, ನೀರು.”

ನೆರಳು ಸರಿಯಿತು.

“ಇಲ್ಲೇ ಅದೀರೇನ್ರಿ? ಒಂದ್ ಗುಟುಕು.”

ಅವನು ನೋಡಿದ. ರೆಪ್ಪೆ ಮುಚ್ಚಲೂ ಆಗಲಿಲ್ಲ. ದನಿ ಸಣ್ಣದಾಯಿತು. ತುಟಿಯಷ್ಟೇ ಆಡಿತು. ಆಮೇಲೆ ಅದೂ ನಿಂತಿತು.

ಆಗಷ್ಟೇ ಅವನ ಕಾಲು ಎದ್ದಿತು.