ಇಳಿಸಿಟ್ಟ ಗಾಜು

ಗಾಜಿನಂಗಡಿಯ ಹಿತ್ತಲಲ್ಲಿ, ಗೋಡೆಗೂ ಅಂಗಡಿಯದೇ ಪುಟ್ಟ ಲಾರಿಗೂ ನಡುವೆ ಸಿಕ್ಕಿ ಅಂಗಡಿಯವರ ಚಿಕ್ಕ ಮಗ ಸತ್ತಿದ್ದ. ಸ್ಟೀರಿಂಗಿಗೆ ತಲೆಯೊರಗಿಸಿ ಕೂತಿದ್ದವನು ಅವನ ಒಡಹುಟ್ಟಿದ ಅಣ್ಣ. ಲಾರಿಯ ಬಾಗಿಲು ತೆಗೆದರೆ ಹೆಂಡದ ನಾತ ಮೂಗಿಗೆ ಬಡಿಯಿತು.

"ಇದರಲ್ಲಿ ಪತ್ತೆ ಮಾಡೋಕೇನಿದೆ ಮೇಡಂ?" ಎಂದ ಪೇದೆ. "ಊರಿಗೇ ಗೊತ್ತಿರೋ ಕುಡುಕ. ಬ್ರೇಕ್ ಅಂದ್ಕೊಂಡು ಆಕ್ಸಿಲರೇಟರ್ ತುಳಿದಿದ್ದಾನೆ."

ಇನ್ಸ್‌ಪೆಕ್ಟರಮ್ಮ ಲಾರಿಯ ಹಿಂಭಾಗಕ್ಕೆ ಇಣುಕಿದಳು. ಇಂಥ ಸಾವುಗಳನ್ನು ನೋಡಿ ನೋಡಿ ಆಕೆಗೆ ರೋಸಿಹೋಗಿತ್ತು. ಕುಡಿದು ಗಾಡಿ ಹತ್ತಿದ್ದೇಕೆ ಅಂತ ಕೇಳಿದರೆ ಒಬ್ಬೊಬ್ಬರದು ಒಂದೊಂದು ನೆಪ— ದುಃಖ, ಖುಷಿ, ಗೆಳೆಯರ ಬಲವಂತ. ಒಳಗಿನ ಧೈರ್ಯ ಮಾತ್ರ ಎಲ್ಲರದೂ ಒಂದೇ: ನನಗೇನೂ ಆಗಲ್ಲ.

ಅಂಗಡಿಯೊಳಗೆ ಆ ಇಬ್ಬರ ಅಪ್ಪ ಕುಸಿದು ಕೂತಿದ್ದರು. ಆಕೆಯನ್ನು ಕಂಡು ಕೈಮುಗಿದರು.

"ಒಬ್ಬ ಹೋದ. ಇವನನ್ನಾದ್ರೂ ಉಳಿಸಿಕೊಡಿ ತಾಯಿ. ಕುಡಿತ ಒಂದು ಬಿಟ್ಟರೆ ಚಿನ್ನದಂಥ ಹುಡುಗ. ಅಂಗಡೀನ ಚಿಕ್ಕೋನಿಗೆ ಕೊಟ್ಟಾಗಲೂ ತುಟಿ ಪಿಟಕ್ಕೆನ್ನಲಿಲ್ಲ."

 ಆಕೆ ಒಳಗೆಲ್ಲ ಒಮ್ಮೆ ಕಣ್ಣಾಡಿಸಿ, ದೊಡ್ಡವನನ್ನು ಅಲ್ಲಿಗೇ ಕರೆಸಿದಳು.

"ಯಾಕೆ ಕುಡಿದೆ?"

"ದೊಡ್ಡ ಆರ್ಡರ್ ಬಂತು... ಖುಷಿಗೆ."

"ಲಾರಿ ಯಾಕೆ ತೆಗೆದೆ?"

"ಗಾಜು ತಲುಪಿಸೋಕೆ."

"ಯಾವ ಗಾಜು?"

ಅವನು ಹಿತ್ತಲ ಕಡೆ ತಿರುಗಿ ನೋಡಿದ.

"ಲಾರಿ ಗೋಡೆಗೆ ಗುದ್ದಿದೆ. ಹಿಂದೆ ಗಾಜಿನ ಒಂದು ಚೂರಾದ್ರೂ ಬಿದ್ದಿದೆಯಾ?" ಆಕೆ ಒಳಗೋಡೆಯತ್ತ ಕೈ ತೋರಿಸಿದಳು. ಆಳೆತ್ತರದ ಗಾಜಿನ ಶೀಟುಗಳು ನಡುನಡುವೆ ಗೋಣಿ ಇಟ್ಟುಕೊಂಡು ಒರಗಿದ್ದವು. "ಸರಕು ಇಲ್ಲಿದೆ, ಲಾರಿ ಖಾಲಿ. ಇದನ್ನ ಯಾರೂ ಗಮನಿಸಲಿಲ್ಲ. ನನಗೇನೂ ಆಗಲ್ಲ ಅನ್ನೋ ಕುಡುಕ ಗಾಜು ಇಳಿಸಿಟ್ಟು ಹೊರಡಲ್ಲ. ಗುದ್ದುತ್ತೆ ಅಂತ ನಿನಗೆ ಮೊದಲೇ ಗೊತ್ತಿತ್ತು. ಜನ ಅಚಾತುರ್ಯ ಅಂದ್ಕೊಳ್ಳಲಿ ಅಂತ ಕುಡಿದೆ. ತಮ್ಮನನ್ನ ಕೊಂದಿದ್ದು ನೀನು, ಹೆಂಡ ಅಲ್ಲ."

ದೊಡ್ಡವನು ತಲೆಯೆತ್ತಿದ.

"ಅದೊಂದಕ್ಕೇ ಅಲ್ಲ ಮೇಡಂ. ಕುಡೀದೆ ಇದ್ದಿದ್ರೆ, ಅವನ ಮುಖ ನೋಡ್ಕೊಂಡು ಆಕ್ಸಿಲರೇಟರ್ ತುಳಿಯೋಕೆ ಆಗ್ತಿರಲಿಲ್ಲ."

ಅಪ್ಪ ಗೋಡೆ ಹಿಡಿದುಕೊಂಡು ಎದ್ದರು.

"ಆ ಗಾಜು ಒಬ್ಬನ ಕೈಲಿ ಇಳಿಯಲ್ಲ ತಾಯಿ. ಇನ್ನೊಂದು ಕಡೆ ಹಿಡಿದಿದ್ದು ನಾನೇ. 'ಇವತ್ತು ಕುಡೀತೀನಪ್ಪ, ಸರಕು ಇಳಿಸಿಬಿಡೋಣ' ಅಂದ. ಕುಡಿದು ಗಾಡಿ ಹತ್ತಬಾರದು ಅನ್ನೋ ಬುದ್ಧಿ ಈಗಲಾದ್ರೂ ಬಂತಲ್ಲ ಅಂತ ಬೆನ್ನು ತಟ್ಟಿದೆ."