ಮೂರನೆಯ ಆಮೀನ್

ಜರ್ಮನಿಯ ಡ್ಯೂಸೆಲ್ಡಾರ್ಫಿನಲ್ಲಿ ನಾವು ಬಾಡಿಗೆಗೆ ಹಿಡಿದ ಮನೆಯ ಹಾಲಿನಲ್ಲಿ ಒಬ್ಬ ಇಂಗ್ಲಿಷ್ ಜಮೀನ್ದಾರನ ದೊಡ್ಡ ಚಿತ್ರವಿತ್ತು. ಶತಮಾನಗಳ ಹಿಂದೆ ಅವನು ಪಾರ್ಲಿಮೆಂಟಿನ ಸದಸ್ಯನಾಗಿದ್ದನೆಂದು ಮನೆಯೊಡತಿ ಹೇಳಿದ್ದರು. ಆಯುಷ್ಯವಿಡೀ ಹಿಂದಿನ ಬೆಂಚಿನಲ್ಲಿ ಕೂತು, ಹೌದು ಅಂತಲೂ ಅಲ್ಲ ಅಂತಲೂ ಬಾಯಿ ಬಿಡಲಿಲ್ಲವಂತೆ. ಇಂಗ್ಲೆಂಡಿನಲ್ಲಿ ಅರಸನ ತಲೆ ಕಡಿದ ವರ್ಷ ಇಲ್ಲಿಗೆ ಓಡಿಬಂದು, ಇಲ್ಲೇ ಸತ್ತನಂತೆ.

ಚಿತ್ರದ ಎದುರು ನಾವು ನಮಾಝ್ ಮಾಡುವುದಿಲ್ಲ. ಅದಕ್ಕೇ ಮೊದಲ ಸಂಜೆ ನಾನೇ ಅದನ್ನು ಗೋಡೆಗೆ ಮುಖಮಾಡಿ ತಿರುಗಿಸಿದೆ. ಚೌಕಟ್ಟು ಫ್ರಿಜ್ಜಿನಿಂದ ತೆಗೆದಷ್ಟು ತಣ್ಣಗಿತ್ತು. ನನ್ನ ಗಂಡ ವಸೀಂ ಮುಂದೆ ನಿಂತು ಓದಿದರು. ಕುರಾನಿನ ಮೊದಲ ಅಧ್ಯಾಯ ಫಾತಿಹಾ ಮುಗಿದಾಗ ನಮ್ಮ ಕರಾವಳಿಯ ರೂಢಿಯಂತೆ ಇಬ್ಬರೂ ಕೇಳಿಸುವ ಹಾಗೆ ಆಮೀನ್ ಹೇಳಿದೆವು. ನಮ್ಮದು ಮುಗಿದ ಮೇಲೆ ಗೋಡೆಯ ಕಡೆಯಿಂದ ಇನ್ನೊಂದು ಆಮೀನ್ ಬಂತು. ಬಹಳ ಕಾಲ ಮಾತಾಡದ ಗಂಟಲಿನದು.

ನಮಾಝ್ ಮುಗಿಸಿ ವಸೀಂ ತಿರುಗಿದರು. "ನಮ್ರಾ, ನೀನು ಎರಡು ಸಲ ಹೇಳಿದ್ಯಾ?"

"ಇಲ್ಲ, ಒಂದೇ ಸಲ."

ಚಿತ್ರ ಸರಿಸಿ ನೋಡಿದೆವು. ಅವನ ಬಾಯಿ ತಾಗುತ್ತಿದ್ದಲ್ಲಿ ವಾಲ್‌ಪೇಪರ್ ಒದ್ದೆಯಾಗಿತ್ತು. ಮುಟ್ಟಿದರೆ ಬೆಚ್ಚಗಿತ್ತು.

"ಈಗಲೇ ಕೆಳಗೆ ಕೆಲ್ಲರಿನಲ್ಲಿ ಇಟ್ಟು ಬರುವಾ," ಎಂದರು ವಸೀಂ. ನೆಲಮಾಳಿಗೆಯಲ್ಲಿಟ್ಟು ಬೀಗ ಹಾಕಿ ಬಂದೆವು.

ಮಾರನೆಯ ಸಂಜೆ ಫಾತಿಹಾ ಮುಗಿಯುವಾಗ ಭಯಕ್ಕೆ ನಾನು ತುಟಿ ಬಿಗಿಹಿಡಿದೆ. ವಸೀಂ ಕೂಡ ಹೇಳಲಿಲ್ಲ. ಆಮೀನ್ ನನ್ನ ಬಲಗಿವಿಯ ಪಕ್ಕದಿಂದ ಬಂತು, ಬಿಸಿ ಉಸಿರಿನ ಜೊತೆ.